ಇಂದಾಪುರದ ಮೋಜಣಿಯೂ ಚಾವಡಿಯ ಮೌನವೂ

ಭೀಮೆಯೂ ನೀರೆಯೂ ಕೂಡುವ ನೀರಾ-ನರಸಿಂಗಪುರವನ್ನು ಕುಲಸ್ವಾಮಿಯ ಸನ್ನಿಧಿಯೆಂದು ನಡೆದುಕೊಳ್ಳುವ ಮನೆತನಗಳು ಕನ್ನಡನಾಡಿನಲ್ಲಿ ಇಂದಿಗೂ ಹಲವಿವೆ. ಸಂಗಮದ ಸ್ನಾನವನ್ನೂ ಲಕ್ಷ್ಮೀನರಸಿಂಹನ ದರ್ಶನವನ್ನೂ ಮುಗಿಸಿಕೊಂಡು ಪಂಢರಪುರದ ಹಾದಿ ಹಿಡಿಯುವ ಆ ಭಕ್ತರಲ್ಲಿ, ಕ್ಷೇತ್ರವು ಸೇರಿರುವ ಇಂದಾಪುರ ತಾಲೂಕಿನ ನೆಲದ ಮೇಲೆ ಒಮ್ಮೆ ಕಣ್ಣು ಹಾಯಿಸುವವರು ವಿರಳ. ಶಿವಾಜಿಯ ಅಜ್ಜನಾದ ಮಾಲೋಜಿ ಭೋಸಲೆಯು ಇಲ್ಲಿಯ ಕಾಳಗದಲ್ಲಿ ಮಡಿದನೆಂಬ ಕೀರ್ತಿ ಈ ಊರಿಗೆ ಇದ್ದೇ ಇದೆ. ಆದರೆ ನಮ್ಮ ಧಾರವಾಡ, ಬೆಳಗಾವಿ, ಬಿಜಾಪುರಗಳ ಒಕ್ಕಲಿಗನು ತನ್ನ ಹೊಲವನ್ನು ಯಾವ ಸರ್ವೆ ನಂಬರಿನಿಂದ ಹೆಸರಿಸುವನೋ, ಯಾವ ಬಾಂದುಕಲ್ಲಿಗಾಗಿ ದಾಯಾದಿಯೊಡನೆ ಕೋರ್ಟಿನ ಮೆಟ್ಟಿಲು ಹತ್ತುವನೋ ಆ ಪದ್ಧತಿಯ ತವರು ಈ ಮಳೆಯಿಲ್ಲದ ತಾಲೂಕೇ ಆಗಿದೆ ಎಂಬುದು ಬಹಳ ಜನಕ್ಕೆ ತಿಳಿಯದು. ಆ ಪದ್ಧತಿ ಬಂದುದರ ಜೊತೆಯಲ್ಲಿಯೇ ಹೋದ ಇನ್ನೊಂದು ವಸ್ತುವಿನ ವಿಚಾರವಾಗಿ, ಎಂದರೆ ಊರು ತನ್ನ ಕಾರ್ಯವನ್ನು ತಾನೇ ಕುಳಿತು ತೀರ್ಮಾನಿಸುತ್ತಿದ್ದ ರೂಢಿಯ ವಿಚಾರವಾಗಿ, ಇಲ್ಲಿ ಹೇಳಬೇಕೆಂದಿದ್ದೇನೆ.

ಮರಾಠರ ಕಾಲದ ದಖ್ಖನ್ನಿನ ಹಳ್ಳಿಯಲ್ಲಿ ವತನದ ವ್ಯಾಜ್ಯವೋ ಎಲ್ಲೆಯ ತಕರಾರೋ ಹುಟ್ಟಿದಾಗ ಅದನ್ನು ಬಗೆಹರಿಸಲು ನೆರೆಯುತ್ತಿದ್ದ ಸಭೆಗೆ ‘ಗೋತ’ವೆಂದು ಹೆಸರು. ಪಾಟೀಲ, ಕುಲಕರ್ಣಿ, ಮಿರಾಸಿನ ಒಕ್ಕಲುಗಳು ಅಲ್ಲಿ ಕೂಡುತ್ತಿದ್ದಂತೆಯೇ, ನಾವು ಆಯಗಾರರೆಂದು ಕರೆಯುವ, ಅವರು ಬಾರಾ ಬಲುತೆಯೆಂದು ಕರೆಯುವ ಬಡಿಗ, ಕಮ್ಮಾರ, ಕುಂಬಾರ, ಅಗಸ, ನಾಯಿಂದ ಮೊದಲಾದವರೂ ಮಹಾರನೂ ಸಾಕ್ಷಿಗೆ ನಿಲ್ಲುತ್ತಿದ್ದರು. ಉಭಯ ಪಕ್ಷಗಳೂ ಸಭೆಯ ನಿರ್ಣಯಕ್ಕೆ ಬದ್ಧರೆಂದು ಮೊದಲೇ ಬರೆದುಕೊಡಬೇಕು. ಬಳಿಕ ಹಳೆಯ ಕಾಗದಗಳನ್ನು ಓದಿಸಿ, ಮುದುಕರ ನೆನಪನ್ನು ಕೆದಕಿ, ಯಾವುದಕ್ಕೂ ಬಗ್ಗದಿದ್ದಲ್ಲಿ ದಿವ್ಯಕ್ಕೂ ಒಡ್ಡಿ, ಕಡೆಗೆ ಮಹಜರು ಬರೆಯುತ್ತಿದ್ದರು. ಇಂಥ ಮಹಜರುಗಳ ಕೊನೆಯನ್ನು ನೋಡಬೇಕು! ಅಕ್ಷರ ಬಾರದ ಪಾಟೀಲನ ಹೆಸರಿನ ಮಗ್ಗುಲಿಗೆ ಒಂದು ಪುಟ್ಟ ನೇಗಿಲು, ಬಡಿಗನ ಹೆಸರಿಗೆ ಬಾಚಿ, ನಾಯಿಂದನ ಹೆಸರಿಗೆ ಕನ್ನಡಿ, ಹೀಗೆ ಒಬ್ಬೊಬ್ಬನಿಗೂ ಅವನವನ ಕಸುಬಿನ ಉಪಕರಣವೇ ರುಜುವಾಗಿರುತ್ತದೆ. ಸಂಸ್ಥಾನದ ಸರದಾರನೂ ಇಂಥ ಕಾಗದವನ್ನು ಸುಲಭವಾಗಿ ತಳ್ಳಿಹಾಕಲಾರದವನಾಗಿದ್ದನು. ಕನ್ನಡ ನೆಲದಲ್ಲಿ ಈ ಸಂಪ್ರದಾಯ ಇನ್ನೂ ಪುರಾತನವಾದುದು: ಸುಮಾರು 725ರಲ್ಲಿ ಚಾಲುಕ್ಯ ಯುವರಾಜ ವಿಕ್ರಮಾದಿತ್ಯನು ಪುಲಿಗೆರೆಯ, ಎಂದರೆ ಈಗಿನ ಲಕ್ಷ್ಮೇಶ್ವರದ ಮಹಾಜನರಿಗೂ ನಗರದವರಿಗೂ ಹದಿನೆಂಟು ಪ್ರಕೃತಿಗಳಿಗೂ ಕೊಟ್ಟ ಆಚಾರವ್ಯವಸ್ಥೆಯ ಶಾಸನದಲ್ಲಿ, ಪ್ರಜೆಗಳು ಅರಸನಿಗೆ ಸಲ್ಲಿಸಬೇಕಾದುದರ ಜೊತೆಗೆ ಅರಸನ ಅಧಿಕಾರಿಗಳು ಪ್ರಜೆಗಳಿಗೆ ನಡೆಸಿಕೊಡಬೇಕಾದುದನ್ನೂ ಕಲ್ಲಿನಲ್ಲಿ ಕಡೆಯಿಸಲಾಗಿದೆ.

ಇಷ್ಟನ್ನು ಹೇಳಿ ಹಳ್ಳಿಯೇ ಸ್ವರ್ಗವಾಗಿತ್ತೆಂದು ನಿಟ್ಟುಸಿರು ಬಿಡುವ ಅಭ್ಯಾಸ ನಮ್ಮಲ್ಲಿ ಕೆಲವರಿಗುಂಟು, ನನಗಿಲ್ಲ. ಮಹಾರನ ಸಾಕ್ಷ್ಯ ಊರಿಗೆ ಬೇಕಿತ್ತೇ ಹೊರತು ಅವನು ಚಾವಡಿಯ ಜಗಲಿಯನ್ನು ಹತ್ತುವುದು ಬೇಕಿರಲಿಲ್ಲ. ಚಾರ್ಲ್ಸ್ ಮೆಟ್ಕಾಫ್ ಎಂಬ ಅಧಿಕಾರಿಯು 1830ರಲ್ಲಿ ಹಿಂದೂಸ್ಥಾನದ ಹಳ್ಳಿಗಳನ್ನು ಪುಟ್ಟ ಗಣರಾಜ್ಯಗಳೆಂದು ಬಣ್ಣಿಸಿದ್ದನ್ನು ಡಾಕ್ಟರ್ ಅಂಬೇಡ್ಕರರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಎತ್ತಿಕೊಂಡು, ಆ ಹಳ್ಳಿಗಳು ಸಂಕುಚಿತತೆಯ ಮತ್ತು ಅಜ್ಞಾನದ ಬಿಡಾರಗಳೆಂದು ಖಂಡಿಸಿದರು. ಅವರು ಅನುಭವದಿಂದಲೇ ಆಡಿದ ಆ ಮಾತಿಗೆ ಎದುರಾಡಲು ನಾಲಗೆ ಏಳದು. ಆದರೂ, ಅನ್ಯಾಯದಿಂದ ಕೂಡಿದ್ದ ಸಭೆಯೊಂದನ್ನು ಅಗಲಮಾಡಿ ಎಲ್ಲರದನ್ನಾಗಿಸುವುದು ಒಂದು ದಾರಿಯಾದರೆ, ಸಭೆಯೇ ಬೇಡವೆಂದು ಎದ್ದುಹೋಗುವುದು ಇನ್ನೊಂದು ದಾರಿ. ದಖ್ಖನ್ನಿನಲ್ಲಿ ನಡೆದದ್ದು ಎರಡನೆಯದು.

1818ರಲ್ಲಿ ಪೇಶವೆಯ ರಾಜ್ಯ ಕಂಪನಿಯ ಕೈಸೇರಿದಾಗ ಅದರ ಆಡಳಿತವನ್ನು ವಹಿಸಿಕೊಂಡ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ ಸಾಹೇಬರು, ಹಳೆಯ ವ್ಯವಸ್ಥೆಯನ್ನು ಕೈಲಾದಮಟ್ಟಿಗೆ ಉಳಿಸಬೇಕೆಂಬ ಮನಸ್ಸಿನವರಾಗಿದ್ದರು. 1819ರ ತಮ್ಮ ವರದಿಯಲ್ಲಿ ಹಳ್ಳಿಯು ತನ್ನೊಳಗೇ ಒಂದು ರಾಜ್ಯದ ಸಕಲ ಸಾಮಗ್ರಿಯನ್ನೂ ಇರಿಸಿಕೊಂಡಿದೆಯೆಂದು ಕೊಂಡಾಡಿ, ಪಂಚಾಯಿತಿಯೇ ನ್ಯಾಯದಾನದ ಮುಖ್ಯ ಸಾಧನವಾಗಿ ಮುಂದುವರಿಯಲೆಂದು ಬಯಸಿದರು. ಗಮನಿಸತಕ್ಕ ಅಂಶವಿದು: ಹೊಸ ಸರ್ಕಾರ ಪಂಚಾಯಿತಿಯನ್ನು ನಿಷೇಧಿಸಲಿಲ್ಲ, ಅದರ ಬಾಗಿಲಿಗೆ ಬೀಗ ಹಾಕಲಿಲ್ಲ. ಪಂಚರಾಗಿ ಬನ್ನಿರೆಂದು ಕರೆದರೆ ಬರುವವರು ಕಡಿಮೆಯಾದರು. ಸಂಬಳವಿಲ್ಲ, ಸಂಭಾವನೆಯಿಲ್ಲ, ಹೊಲದ ಕೆಲಸ ಕೆಟ್ಟು ದಿನಗಟ್ಟಲೆ ಕೂರಬೇಕು, ಸೋತವನ ವೈರವನ್ನು ಕಟ್ಟಿಕೊಳ್ಳಬೇಕು. ಅತ್ತ ತೀರ್ಪನ್ನು ಜಾರಿಗೊಳಿಸುವ ಬಲವೂ ಕಚೇರಿಯದೇ. ಹೀಗಿರುವಾಗ ಸಾಹೇಬರೇ ನೋಡಿಕೊಳ್ಳಲಿ ಎಂಬ ಮಾತು ಚಾವಡಿಯಿಂದ ಚಾವಡಿಗೆ ಹಬ್ಬಿದ್ದರಲ್ಲಿ ಸೋಜಿಗವಿಲ್ಲ. 1827ರಲ್ಲಿ ಎಲ್ಫಿನ್‌ಸ್ಟನ್ನರ ಹೆಸರಿನ ಕಾನೂನು ಸಂಗ್ರಹವೇ ಹೊರಬಂದು ಜಿಲ್ಲೆಯ ನ್ಯಾಯಾಲಯಗಳು ನೆಲೆಗೊಂಡ ಮೇಲಂತೂ ಪಂಚಾಯಿತಿ ಇದ್ದೂ ಇಲ್ಲದಂತಾಯಿತು. ಈ ಬೇಸರ ದಖ್ಖನ್ನಿನ ಒಕ್ಕಲಿಗನೊಬ್ಬನದೇ ಎಂದು ತಿಳಿಯಬಾರದು. ಪ್ರಜಾಪ್ರಭುತ್ವದ ತವರೆನಿಸಿದ ಅಥೆನ್ಸಿನಲ್ಲಿಯೂ ಸಂತೆಯಲ್ಲಿ ಹರಟುತ್ತ ನಿಂತ ಪೌರರನ್ನು ಕೆಂಪು ಬಣ್ಣ ಬಳಿದ ಹಗ್ಗದಿಂದ ಬಳಸಿ ಸಭೆಯ ಕಡೆಗೆ ಅಟ್ಟುತ್ತಿದ್ದರು. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಆರಂಭಕ್ಕೆ ಸಭೆಗೆ ಬಂದವರಿಗೆ ಹಣ ಕೊಡುವ ಏರ್ಪಾಡೂ ಆಯಿತು.

ಇಂದಾಪುರದ ಕಥೆ ಇಲ್ಲಿಂದ ಮುಂದೆ ಬೇರೊಂದು ಬಗೆಯಲ್ಲಿ ತಿರುಗುತ್ತದೆ. ಹೋಳಕರನ ದಂಡು ಮತ್ತು ಅದರ ಬೆನ್ನಿಗೇ ಬಂದ 1803ರ ಕ್ಷಾಮದಿಂದ ನುಗ್ಗಾಗಿದ್ದ ಈ ಸೀಮೆಗೆ, ರಾಬರ್ಟ್ ಕೀತ್ ಪ್ರಿಂಗಲ್ ಎಂಬ ತರುಣ ಅಧಿಕಾರಿಯ ಮೋಜಣಿ 1830ರಲ್ಲಿ ಜಾರಿಗೆ ಬಂದಿತು. ಆತನು ಇಂಗ್ಲೆಂಡಿನ ಅರ್ಥಶಾಸ್ತ್ರವನ್ನು ಚೆನ್ನಾಗಿ ಕಲಿತವನು. ಖರ್ಚು ಕಳೆದು ಉಳಿದ ಹುಟ್ಟುವಳಿಯಲ್ಲಿ ನೂರಕ್ಕೆ 55 ಪಾಲು ಸರ್ಕಾರದ್ದೆಂಬುದು ಆತನ ಸೂತ್ರ. ಸೂತ್ರ ನಯವಾಗಿತ್ತು, ಅಳತೆ ತಪ್ಪಿತ್ತು, ನೆಲದ ತರಗತಿಯನ್ನು ನಿರ್ಧರಿಸುವ ನೌಕರರ ಕೈಯಲ್ಲಿ ಲಂಚ ಆಡಿತ್ತು. ಕಂದಾಯದ ತಗಾದೆಗೆ ಚಿತ್ರಹಿಂಸೆಯನ್ನೂ ಪ್ರಯೋಗಿಸಲಾಯಿತೆಂದು ಸರ್ಕಾರದ ವರದಿಗಳೇ ಮುಂದೆ ಒಪ್ಪಿಕೊಂಡಿವೆ. ಆಗ ಒಕ್ಕಲುಗಳು ಮಾಡಿದ್ದೇನು? ಎತ್ತುಗಳನ್ನು ಹೊಡೆದುಕೊಂಡು, ಹೆಂಡಿರು ಮಕ್ಕಳೊಡನೆ, ನೆರೆಯ ಸಂಸ್ಥಾನಗಳ ಸೀಮೆಗೆ ವಲಸೆಹೋದರು. ಕೆಲವು ಕಡೆ ಸಾಗುವಳಿಗೆ ಯೋಗ್ಯವಾದ ನೆಲದಲ್ಲಿ ಮೂರನೆಯ ಒಂದು ಪಾಲಷ್ಟೇ ಬಿತ್ತನೆಯಲ್ಲಿ ಉಳಿಯಿತು. ಸಹಿಸಲಾಗದ ರಾಜನನ್ನು ಬಿಟ್ಟು ನಡೆಯುವುದು ದುರ್ಬಲರ ಕೈಯ ಹಳೆಯ ಆಯುಧ. ಇಂದಾಪುರದವರು ಅದನ್ನು ಇನ್ನೂ ಮರೆತಿರಲಿಲ್ಲ.

ಪ್ರಿಂಗಲ್ಲನ ಕ್ರೌರ್ಯ ಮಾಡಲಾರದ್ದನ್ನು ಅವನ ಬೆನ್ನಿಗೆ ಬಂದವರ ಒಳ್ಳೆಯತನ ಮಾಡಿತು. 1835ರಲ್ಲಿ ಗೋಲ್ಡ್‌ಸ್ಮಿಡ್ ಎಂಬ ಅಧಿಕಾರಿಯೂ ಅವರ ಜೊತೆಗೂಡಿದ ಜಾರ್ಜ್ ವಿಂಗೇಟ್ ಎಂಬ ಸೈನ್ಯದ ತರುಣರೂ ಇಂದಾಪುರವನ್ನು ಹೊಸದಾಗಿ ಅಳೆಯಲು ತೊಡಗಿದರು. ಒಂದು ಜೋಡಿ ಎತ್ತಿನಿಂದ ಉಳಬಹುದಾದಷ್ಟು ನೆಲಕ್ಕೆ ಒಂದು ನಂಬರು. ಸುತ್ತಲೂ ಬದುವು, ಮೂಲೆಗೆ ಕಲ್ಲು. ನೆಲದ ದರ್ಜೆಯನ್ನು ನಿರ್ಧರಿಸುವ ನೌಕರನು ಹೊಲದ ನಕಾಶೆಯನ್ನು ಬರೆದು, ಅದನ್ನು ಚೌಕಗಳಾಗಿ ವಿಂಗಡಿಸಿ, ಒಂದೊಂದು ಚೌಕದಲ್ಲಿಯೂ ಮಣ್ಣನ್ನು ಅಗೆಸಿ ನೋಡುತ್ತಿದ್ದನು. ಒಂದೂಮುಕ್ಕಾಲು ಮೊಳ ಆಳಕ್ಕೆ ಒಳ್ಳೆಯ ಕಪ್ಪುಮಣ್ಣು ಸಿಕ್ಕರೆ ಅದು ಹದಿನಾರಾಣೆಯ ನೆಲ. ಆಳ ಇಳಿದಂತೆ, ಸುಣ್ಣಕಲ್ಲು, ಮರಳು, ಇಳಿಜಾರು, ನೀರು ನಿಲ್ಲುವಿಕೆ ಮೊದಲಾದ ದೋಷಗಳು ಕೂಡಿದಂತೆ, ಹದಿನಾಲ್ಕು, ಹನ್ನೆರಡು ಎಂದು ಇಳಿದು ಎರಡಾಣೆಯವರೆಗೆ ಒಂಬತ್ತು ದರ್ಜೆಗಳು. ದರಗಳು ಹಗುರವಾಗಿದ್ದವು; 30 ವರ್ಷದ ತನಕ ಅವು ಏರುವಂತಿಲ್ಲ; ತನ್ನ ದುಡಿಮೆಯಿಂದ ನೆಲ ಸುಧಾರಿಸಿದರೆ ಅದರ ಫಲ ರೈತನದೇ; ಬೇಡವಾದ ನಂಬರನ್ನು ವರ್ಷದ ಕೊನೆಗೆ ಬಿಟ್ಟುಕೊಡಲೂಬಹುದು. ಹೋದವರು ಹಿಂದಿರುಗಿದರು, ಬೀಳು ನೆಲ ಹಸಿರಾಯಿತು. ಇಲ್ಲಿ ಗಟ್ಟಿಯಾದ ಈ ಪದ್ಧತಿಯನ್ನೇ ವಿಂಗೇಟರು 1840ರ ದಶಕದಲ್ಲಿ ಧಾರವಾಡ ಸೀಮೆಗೆ ತಂದರು. 1863ರಲ್ಲಿ ಆರಂಭವಾದ ಮೈಸೂರಿನ ಮೋಜಣಿಯೂ ಇದನ್ನೇ ಅನುಸರಿಸಿತು.

ಇದಕ್ಕಿಂತ ನ್ಯಾಯವಾದ ಬಂದೋಬಸ್ತು ಆ ಶತಮಾನದಲ್ಲಿ ದಖ್ಖನ್ನಿನ ರೈತನಿಗೆ ಸಿಗಲಿಲ್ಲವೆಂದು ನಿಸ್ಸಂಕೋಚವಾಗಿ ಹೇಳಬಹುದು. ಆದರೆ ಇದರ ಫಲವಾಗಿ ಊರೊಟ್ಟಿಗೆ ಕಂದಾಯವನ್ನು ಒಪ್ಪಿ, ಯಾರಿಗೆಷ್ಟು ಹಂಚಿಕೆಯೆಂದು ಜಗಳವಾಡಿ, ಸೋತವನ ಪಾಲನ್ನು ಉಳಿದವರು ಹೊತ್ತು, ಪಾಟೀಲನನ್ನು ಮುಂದಿಟ್ಟುಕೊಂಡು ಮಾಮಲೇದಾರನೊಡನೆ ಚೌಕಾಸಿ ಮಾಡುತ್ತಿದ್ದ ಕಾಲ ಮುಗಿಯಿತು. ಪ್ರತಿಯೊಬ್ಬ ರೈತನೂ ಸರ್ಕಾರಕ್ಕೆ ನೇರ ಒಕ್ಕಲಾದನು. ತನ್ನ ನಂಬರು, ತನ್ನ ಆಣೆ, ತನ್ನ ರಸೀದಿ. ಪಕ್ಕದವನ ಕಷ್ಟ ಪಕ್ಕದವನದು. ಪಾಟೀಲನು ಊರಿನ ಬಾಯಾಗಿದ್ದವನು ಕಚೇರಿಯ ಕೈಯಾದನು. ಕೂಡಬೇಕಾದ ಕಾರಣವೇ ಇಲ್ಲದ ಮೇಲೆ ಜನ ಏಕೆ ಕೂಡುವರು? ಇಂದಾಪುರದಲ್ಲಿ ಸರಪಣಿ ಎಳೆಯುತ್ತಿದ್ದ ಅದೇ 1835ರಲ್ಲಿ ಫ್ರಾನ್ಸಿನ ತೊಕ್ವಿಲ್ ಎಂಬ ವಿದ್ವಾಂಸನು ಅಮೆರಿಕದ ಪ್ರಜಾಪ್ರಭುತ್ವವನ್ನು ಕುರಿತ ತನ್ನ ಗ್ರಂಥದ ಮೊದಲ ಭಾಗವನ್ನು ಪ್ರಕಟಿಸಿದನು. 1840ರ ಎರಡನೆಯ ಭಾಗದಲ್ಲಿ, ಮುಂದಿನ ಕಾಲದ ದಾಸ್ಯವು ಹಿಂಸಿಸದೆ ಸಲಹುವ ಮೃದುವಾದ ಅಧಿಕಾರದಿಂದ ಬರುವುದೆಂದೂ, ಜನರು ತಮ್ಮ ತಮ್ಮ ಸಣ್ಣ ಸುಖಗಳಲ್ಲಿ ಬೇರೆಬೇರೆಯಾಗಿ ಮುಳುಗಿರುವಾಗ ಅದು ಅವರ ಮೇಲೆ ಕವಿಯುವುದೆಂದೂ ಅವನು ಶಂಕಿಸಿದನು. ಅವನು ಇಂದಾಪುರದ ಹೆಸರನ್ನು ಕೇಳಿರಲಾರನು.

ಮೃದುತ್ವದ ಬೆಲೆ ತಿಳಿಯಲು ಒಂದು ತಲೆಮಾರು ಬೇಕಾಯಿತು. ಒಂಟಿಯಾದ ರೈತನ ಎದುರಿಗೆ ಈಗ ನಿಂತಿದ್ದವನು ಸಾಹುಕಾರ. ಹಿಂದೆ ಸಾಹುಕಾರನು ಸಾಲ ವಸೂಲಿಗೆ ಊರಿನ ಒಪ್ಪಿಗೆಯನ್ನೂ ಪಾಟೀಲನ ಸಹಾಯವನ್ನೂ ನೆಚ್ಚಿಕೊಂಡಿರಬೇಕಾಗಿತ್ತು. ಈಗ ಕೋರ್ಟಿನ ಡಿಕ್ರಿ ಇದ್ದರೆ ಸಾಕು. ಈ ಅಪಾಯವನ್ನು ಮೊದಲು ಕಂಡವರಲ್ಲಿ ವಿಂಗೇಟರೇ ಒಬ್ಬರು: ನ್ಯಾಯಾಲಯದ ಬಲವನ್ನೆಲ್ಲ ಸಾಲಗಾರನ ವಿರುದ್ಧ ಸಾಹುಕಾರನ ಕೈಗಿಟ್ಟಂತಾಗಿದೆಯೆಂದು 1852ರಲ್ಲಿಯೇ ಅವರು ಸರ್ಕಾರಕ್ಕೆ ಬರೆದರು. 1859ರ ಅವಧಿಯ ಕಾಯಿದೆಯು ಸಾಲಪತ್ರಕ್ಕೆ ಮೂರು ವರ್ಷದ ಆಯುಸ್ಸನ್ನು ಗೊತ್ತುಮಾಡಿದಾಗ, ರೈತನಿಗೆ ನೆರವಾಗಬೇಕೆಂದಿದ್ದ ಆ ನಿಯಮವೇ, ಮೂರು ಮೂರು ವರ್ಷಕ್ಕೆ ಬಡ್ಡಿಯನ್ನು ಅಸಲಿಗೆ ಸೇರಿಸಿ ಹೊಸ ಪತ್ರ ಬರೆಸಿಕೊಳ್ಳುವ ಉಪಾಯವಾಯಿತು. 1867ರಲ್ಲಿ 30 ವರ್ಷದ ಗಡುವು ತೀರಿ ಇಂದಾಪುರದ ಕಂದಾಯ ಏರಿತು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಏರಿದ್ದ ಹತ್ತಿಯ ಬೆಲೆ ಇಳಿಯಿತು. 1875ರ ಮೇ 12ರಂದು ನೆರೆಯ ಭೀಮಥಡಿ ತಾಲೂಕಿನ ಸುಪೆಯ ಸಂತೆಯಲ್ಲಿ ಜನ ಸಾಹುಕಾರರ ಮನೆಗಳ ಮೇಲೆ ಬಿದ್ದು ಸಾಲಪತ್ರಗಳನ್ನು ಸುಟ್ಟರು. ಕಿಚ್ಚು ಇಂದಾಪುರಕ್ಕೂ ಹಬ್ಬಿತು.

ಆ ಗಲಭೆಯ ವಿಚಾರಣೆಗೆ ನೇಮಕವಾದ ಆಯೋಗದ ವರದಿಯಲ್ಲಿ ಇಂದಾಪುರ ತಾಲೂಕಿನ ಕಳಸವೆಂಬ ಹಳ್ಳಿಯ ಕರಾರುಪತ್ರವೊಂದು ಸೇರಿದೆ. ಗುಜರ ಸಾಹುಕಾರರ ಹೊಲವನ್ನು ಯಾರೂ ಉಳತಕ್ಕದ್ದಲ್ಲ, ಉತ್ತವನಿಗೆ ನಾಯಿಂದನು ಕ್ಷೌರ ಮಾಡತಕ್ಕದ್ದಲ್ಲ, ಅಗಸನು ಬಟ್ಟೆ ಒಗೆಯತಕ್ಕದ್ದಲ್ಲ, ಬಡಿಗ ಕಮ್ಮಾರರು ಕೆಲಸ ಕೊಡತಕ್ಕದ್ದಲ್ಲ, ಜಾತಿಯ ಪಂಕ್ತಿಗೆ ಸೇರಿಸತಕ್ಕದ್ದಲ್ಲ ಎಂಬುದು ಅದರ ಸಾರ. ಓದುವಾಗ ಹಳೆಯ ಗೋತಸಭೆಯೇ ಎದ್ದು ಬಂದಂತೆ ತೋರುತ್ತದೆ. ಅದೇ ಆಯಗಾರರು, ಅದೇ ಒಗ್ಗಟ್ಟು. ಆದರೆ ನ್ಯಾಯವನ್ನು ತೂಗುವ ತಕ್ಕಡಿ ಅದರ ಕೈಯಲ್ಲಿಲ್ಲ. ಬಹಿಷ್ಕಾರದ ದೊಣ್ಣೆ ಮಾತ್ರ ಉಳಿದಿದೆ. ಬಳಕೆ ತಪ್ಪಿದ ಸಭೆ ಸುಮಾರು ಐವತ್ತು ವರ್ಷದ ಮೇಲೆ ಕೂಡಿದಾಗ ಅದಕ್ಕೆ ಸಿಟ್ಟೊಂದೇ ನೆನಪಿನಲ್ಲಿತ್ತು.

ಸರ್ಕಾರ ಎಚ್ಚೆತ್ತು 1879ರ ದಖ್ಖನ್ ರೈತರ ಪರಿಹಾರ ಕಾಯಿದೆಯನ್ನು ತಂದು, ಹಳ್ಳಿಯ ಮುನ್ಸೀಫರನ್ನೂ ರಾಜಿ ಮಾಡಿಸುವವರನ್ನೂ ನೇಮಿಸಿತು; ಎಂದರೆ, ತಾನೇ ಒಣಗಲು ಬಿಟ್ಟ ಪಂಚಾಯಿತಿಯನ್ನು ಹುಕುಮಿನ ಮೂಲಕ ಚಿಗುರಿಸಲು ಹೊರಟಿತು. ಆ ಕಾಯಿದೆಯ ಕೆಳಗೆ ನ್ಯಾಯಾಧೀಶರಾಗಿ ದುಡಿದ ಮಹಾದೇವ ಗೋವಿಂದ ರಾನಡೆಯವರಂಥವರ ಶ್ರಮ ದೊಡ್ಡದು. 1882ರ ಮೇ ತಿಂಗಳಲ್ಲಿ ಲಾರ್ಡ್ ರಿಪ್ಪನ್ನರ ಸ್ಥಳೀಯ ಸ್ವರಾಜ್ಯದ ಠರಾವು, 1884ರಲ್ಲಿ ಮುಂಬಯಿಯ ಲೋಕಲ್ ಬೋರ್ಡಿನ ಕಾಯಿದೆ, 1920ರಲ್ಲಿ ಗ್ರಾಮ ಪಂಚಾಯಿತಿಯ ಕಾಯಿದೆ, ಸ್ವಾತಂತ್ರ್ಯದ ಬಳಿಕ ಸಂವಿಧಾನದ 40ನೆಯ ವಿಧಿ, 1958ರ ಮುಂಬಯಿ ಗ್ರಾಮಪಂಚಾಯಿತಿ ಕಾಯಿದೆ, 1962ರ ಮೇ 1ರಿಂದ ಮಹಾರಾಷ್ಟ್ರದ ಜಿಲ್ಲಾ ಪರಿಷತ್ತುಗಳು, 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿ: ಮೇಲಿನಿಂದ ಕೆಳಕ್ಕೆ ಕೊಡುಗೆಗಳ ಸಾಲು ನಿಂತಿಲ್ಲ. ಮಹಾರನನ್ನು ಜಗಲಿಯಿಂದ ಕೆಳಗಿಟ್ಟಿದ್ದ ಊರಿನಲ್ಲಿ ಇಂದು ಅವನ ಮೊಮ್ಮಗಳು ಸರಪಂಚಳಾಗಿ ಕುರ್ಚಿಯ ಮೇಲೆ ಕೂರಬಹುದು. ಹಳೆಯ ಗೋತಕ್ಕೆ ಕನಸಿನಲ್ಲಿಯೂ ಬಾರದಿದ್ದ ಈ ಒಂದು ಲಾಭಕ್ಕಾಗಿಯೇ ಹೊಸ ಪದ್ಧತಿಯನ್ನು ನಾನು ಮೇಲೆಂದು ಎಣಿಸುವೆನು.

ಆದರೆ ಆಕೆ ಕುಳಿತ ಸಭೆಯ ಮುಂದುಗಡೆ ಜನ ಇದ್ದಾರೆಯೇ ಎಂಬುದು ಬೇರೆಯ ಪ್ರಶ್ನೆ. ಮಹಾರಾಷ್ಟ್ರದಲ್ಲಿ ಗ್ರಾಮಸಭೆಯ ಕೋರಂ ಭರ್ತಿಯಾಗಲು ಊರಿನ ಮತದಾರರಲ್ಲಿ ನೂರಕ್ಕೆ 15 ಮಂದಿ ಅಥವಾ ಒಟ್ಟು 100 ಮಂದಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಜನ ಬಂದರೆ ಸಾಕು. ಅಷ್ಟು ಮಂದಿಯೂ ಬಾರದಿದ್ದರೆ ಸಭೆಯನ್ನು ಮುಂದೂಡುತ್ತಾರೆ. ಹಾಗೆ ಮುಂದೂಡಿದ ಸಭೆಗೆ ಕೋರಂ ಬೇಕಿಲ್ಲ.