ತಾಯಿಯ ವಯಸ್ಸು: ಖಾನೇಷುಮಾರಿಯಿಂದ ಸಾಬೂನಿನವರೆಗೆ

ಮಕ್ಕಳ ತಾಯಿಯಾಗಿಯೂ ವಯಸ್ಸಿಗಿಂತ ಬಹಳ ಚಿಕ್ಕವಳಾಗಿ ಕಾಣುವ ಹೆಂಗಸನ್ನು ಮೆಚ್ಚಿ ಮಾತನಾಡುವುದು ಈಗ ಊರುಕೇರಿಗಳಲ್ಲೆಲ್ಲ ರೂಢಿಯಾಗಿರುವುದರಿಂದ, ಇದು ಎಂದಿನಿಂದಲೂ ಇದ್ದದ್ದೇ ಎಂಬ ಭಾವನೆ ಬರುವುದು ಸಹಜ. ಆದರೆ ಇಂಥ ಮೆಚ್ಚುಗೆ ಹುಟ್ಟಬೇಕಾದರೆ ಆಕೆಯ ವಯಸ್ಸು ವರ್ಷಗಳ ಲೆಕ್ಕದಲ್ಲಿ ಗೊತ್ತಿರಬೇಕು, ಆ ವಯಸ್ಸಿನ ತಾಯಿ ಹೇಗೆ ಕಾಣಬೇಕೆಂಬ ನಿರೀಕ್ಷೆ ಇರಬೇಕು, ಆ ನಿರೀಕ್ಷೆಯನ್ನು ಮೀರುವುದು ಒಳ್ಳೆಯದೆಂಬ ಒಪ್ಪಿಗೆಯೂ ಇರಬೇಕು. ಇವುಗಳಲ್ಲಿ ಹಳೆಯದು ನಡುವಿನದೊಂದೇ; ಉಳಿದೆರಡು ಸಮಾಜದಲ್ಲಿ ಬೇರೂರಿದ್ದು ಕಳೆದ ನೂರು ನೂರೈವತ್ತು ವರ್ಷಗಳಲ್ಲಿ.

ಮೈಸೂರು ಸಂಸ್ಥಾನದಲ್ಲಿ ಮೊದಲ ಕ್ರಮಬದ್ಧ ಖಾನೇಷುಮಾರಿ, ಅಂದರೆ ಮನೆಮನೆಗೆ ಹೋಗಿ ಜನರನ್ನು ಎಣಿಸುವ ಕೆಲಸ, 1871ರಲ್ಲಿ ನಡೆಯಿತು. ಅಂದಿನ ಬಹುಪಾಲು ಜನರಿಗೆ, ಹೆಂಗಸರಿಗಂತೂ, ಹುಟ್ಟಿದ ವರ್ಷವೆಂದರೆ ಒಂದು ಸಂಖ್ಯೆಯಾಗಿರದೆ ಅರವತ್ತು ಸಂವತ್ಸರಗಳ ಚಕ್ರದಲ್ಲಿನ ಒಂದು ಹೆಸರೋ ಊರು ಮರೆಯದ ಒಂದು ಆಪತ್ತೋ ಆಗಿರುತ್ತಿತ್ತು. 1876ರಿಂದ 78ರವರೆಗಿನ ಕ್ಷಾಮವನ್ನು ಧಾತು ಈಶ್ವರ ಸಂವತ್ಸರಗಳ ಬರವೆಂದೇ ಕರೆದ ಮುಂದಿನ ತಲೆಮಾರಿನವರು, ತಾವು ಆ ಬರದ ಹಿಂದಿನವರೋ ಮುಂದಿನವರೋ ಎಂದಷ್ಟೇ ಹೇಳಬಲ್ಲವರಾಗಿದ್ದರು. ಗಣತಿದಾರ ಕೇಳಿದಾಗ ಸಿಗುತ್ತಿದ್ದ ಉತ್ತರಗಳು ಸೊನ್ನೆ ಅಥವಾ ಐದರಲ್ಲಿ ಕೊನೆಗೊಳ್ಳುವ ಅಂಕಿಗಳ ಸುತ್ತ ಗುಡ್ಡೆಬೀಳುತ್ತಿದ್ದವು. ಇಪ್ಪತ್ತೊಂಬತ್ತಕ್ಕಿಂತಲೂ ಮೂವತ್ತೊಂದಕ್ಕಿಂತಲೂ ಮೂವತ್ತರವರು ಬಹಳ ಹೆಚ್ಚಾಗಿ ಕಾಣುತ್ತಿದ್ದ ಈ ವಿಚಿತ್ರವನ್ನು ಅಳೆಯಲು ಜನಸಂಖ್ಯಾಶಾಸ್ತ್ರಜ್ಞರು ಪ್ರತ್ಯೇಕ ಸೂಚ್ಯಂಕಗಳನ್ನೇ ರೂಪಿಸಬೇಕಾಯಿತು. ಜನನ ಮರಣಗಳ ನೋಂದಣಿಗೆ ಇಡೀ ದೇಶಕ್ಕೆ ಅನ್ವಯಿಸುವ ಕಾಯ್ದೆ ಬಂದದ್ದು 1969ರಲ್ಲಿ, ಮತ್ತು ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಎಂದು ಬರೆದುಕೊಂಡ ಜನ್ಮದಿನವನ್ನು ಜೀವಮಾನವಿಡೀ ಹೊತ್ತವರು ಕರ್ನಾಟಕದಲ್ಲಿ ಇಂದಿಗೂ ಸಾಕಷ್ಟಿದ್ದಾರೆ. ವಯಸ್ಸೇ ಅಂದಾಜಿನದಾಗಿರುವಲ್ಲಿ ಅದಕ್ಕಿಂತ ಚಿಕ್ಕವಳಾಗಿ ಕಾಣುವ ಮಾತಿಗೆ ಅರ್ಥ ತೀರ ಕಡಿಮೆ.

ವರ್ಷಗಳ ಲೆಕ್ಕವಿಲ್ಲದಿದ್ದರೂ ಹೆಂಗಸಿನ ಪ್ರಾಯಕ್ಕೆ ಬೇರೆ ಲೆಕ್ಕಗಳಿದ್ದವು. ಮೈನೆರೆದವಳು, ಬಸುರಿ, ಬಾಣಂತಿ, ಮಕ್ಕಳೊಂದಿಗಳು, ಸೊಸೆಯನ್ನು ಮನೆತುಂಬಿಸಿಕೊಂಡವಳು ಎಂಬ ಹಂತಗಳೇ ಆಕೆಯ ವಯಸ್ಸಾಗಿದ್ದು, ಪ್ರತಿ ಹಂತಕ್ಕೂ ತಕ್ಕ ಸೀರೆ, ತುರುಬು, ನಡೆನುಡಿಗಳನ್ನು ಮನೆಯ ಹಿರಿಯರು ಗೊತ್ತುಮಾಡುತ್ತಿದ್ದರು. ಮೈಸೂರು ಸರ್ಕಾರವು 1894ರಲ್ಲಿ ಜಾರಿಗೆ ತಂದ ಶಿಶುವಿವಾಹ ನಿಷೇಧದ ಕಾನೂನು ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನೂ, ಐವತ್ತು ದಾಟಿದ ಗಂಡಸಿಗೆ ಹದಿನಾಲ್ಕರ ಕೆಳಗಿನ ಹುಡುಗಿಯನ್ನು ಕೊಡುವುದನ್ನೂ ತಡೆಯಿತು ಎಂಬುದರಿಂದಲೇ, ಅಲ್ಲಿಯವರೆಗೆ ಯಾವುದು ಸಾಧ್ಯವಾಗಿತ್ತೆಂಬುದನ್ನು ಊಹಿಸಬಹುದು. ಬ್ರಿಟಿಷರ ನೇರ ಆಡಳಿತದಲ್ಲಿದ್ದ ಧಾರವಾಡ, ಬೆಳಗಾವಿ, ಮಂಗಳೂರು ಕಡೆಗಳಲ್ಲಿ 1929ರ ಶಾರದಾ ಕಾಯ್ದೆಯು ಹೆಣ್ಣಿನ ಮದುವೆಯ ಕನಿಷ್ಠ ವಯಸ್ಸನ್ನು 14ಕ್ಕೆ ನಿಲ್ಲಿಸಿತು. ಅದು 1949ರಲ್ಲಿ 15 ಆಗಿ, 1978ರ ತಿದ್ದುಪಡಿಯಲ್ಲಿ 18 ಆಯಿತು. ಹೀಗೆ ಬಾಲ್ಯದಲ್ಲಿ ಮದುವೆಯಾಗಿ, ಮೈನೆರೆದ ಮೇಲೆ ಪ್ರಸ್ತವೆಂಬ ಶಾಸ್ತ್ರ ಮುಗಿಸಿಕೊಂಡು ಗಂಡನ ಮನೆ ಸೇರುತ್ತಿದ್ದ ಹುಡುಗಿಗೂ ಆಕೆಯ ಚೊಚ್ಚಲ ಮಗಳಿಗೂ ಹದಿನೈದು ಹದಿನಾರು ವರ್ಷಗಳ ಅಂತರವಿರುವುದು ಅಪರೂಪವಾಗಿರಲಿಲ್ಲ, ಮತ್ತು ಒಂದೇ ಮನೆಯಲ್ಲಿ ತಾಯಿ ಮಗಳಿಬ್ಬರೂ ಒಟ್ಟಿಗೆ ಬಾಣಂತಿಯರಾಗುವುದೂ ನಡೆಯುತ್ತಿತ್ತು. ಅಕ್ಕತಂಗಿಯರಂತೆ ಕಾಣಬಹುದಾಗಿದ್ದ ಆ ತಾಯಿ ಮಗಳಲ್ಲಿ ಹಿರಿಯಳಾದವಳು ಹಿರಿಯಳಾಗಿಯೇ ಕಾಣುವಂತೆ ರೂಢಿ ನೋಡಿಕೊಂಡಿತು. ಗಂಡ ಸತ್ತರಂತೂ, ಕೆಲವು ಜಾತಿಗಳಲ್ಲಿ, ಇಪ್ಪತ್ತರ ತಾಯಿಯ ತಲೆಯನ್ನೂ ಬೋಳಿಸಿ ಕೆಂಪು ಸೀರೆ ಉಡಿಸಿ ಆಕೆಯನ್ನು ಒಂದೇ ದಿನದಲ್ಲಿ ಮುದುಕಿಯಾಗಿಸಲಾಗುತ್ತಿತ್ತು. ಕೃತಕವಾಗಿ ವಯಸ್ಸು ಹೇರುವ ಇಷ್ಟು ಕ್ರೂರವಾದ ವಿಧಾನ ಬೇರೊಂದಿರಲಾರದು.

ಮುಪ್ಪನ್ನು ಮುಂದೂಡುವ ಆಸೆ ಪ್ರಾಚೀನರಿಗೆ ಇರಲಿಲ್ಲವೆಂದಲ್ಲ. ಆಯುರ್ವೇದದ ಎಂಟು ಅಂಗಗಳಲ್ಲಿ ಒಂದಾದ ರಸಾಯನತಂತ್ರ, ಅಂದರೆ ದೇಹವನ್ನು ಮತ್ತೆ ಹೊಸದಾಗಿಸುವ ಚಿಕಿತ್ಸೆ, ಇದಕ್ಕೇ ಮೀಸಲಾಗಿದ್ದು, ಚರಕಸಂಹಿತೆಯು ಪ್ರಾಯವನ್ನು ನಿಲ್ಲಿಸುವ ಹತ್ತು ಮೂಲಿಕೆಗಳನ್ನು ವಯಃಸ್ಥಾಪನವೆಂಬ ಗುಂಪಿನಲ್ಲಿ ಸೇರಿಸಿದೆ. ಆದರೆ ಮರಳಿ ಯೌವನ ಪಡೆದವರ ಹೆಸರಾಂತ ಕಥೆಗಳಾದ ಚ್ಯವನನದೂ ಯಯಾತಿಯದೂ ಗಂಡಸರ ಕಥೆಗಳೆಂಬುದು ಗಮನಾರ್ಹ. ಸತ್ಯವತಿಗೂ ಕುಂತಿಗೂ ದೊರೆತದ್ದು ಬೇರೆಯೇ ಬಗೆಯ ವರ: ಮಗನನ್ನು ಹೆತ್ತ ಮೇಲೂ ಕನ್ಯೆಯಾಗಿಯೇ ಉಳಿಯುವ, ತಾಯಿಯಾದದ್ದರ ಗುರುತೇ ಇಲ್ಲದಾಗುವ ವರ. ಇನ್ನು ಮನೆಯೊಳಗಿನ ಬಾಣಂತನದಲ್ಲಿ ಅರಿಶಿನ, ಎಣ್ಣೆನೀರು, ಸಾಂಬ್ರಾಣಿ ಹೊಗೆ, ಹೊಟ್ಟೆಗೆ ಬಿಗಿದು ಕಟ್ಟುವ ಬಟ್ಟೆ, ಉತ್ತರ ಕರ್ನಾಟಕದ ಅಂಟಿನ ಉಂಡೆ ಇವೆಲ್ಲವೂ ಇದ್ದರೂ, ಅವುಗಳ ಗುರಿ ಸಡಿಲಗೊಂಡ ಮೈಯನ್ನು ಮತ್ತೆ ಗಟ್ಟಿಮಾಡಿ ಎದೆಹಾಲನ್ನು ಹೆಚ್ಚಿಸುವುದಾಗಿತ್ತು; ಬಾಣಂತಿ ಚೆನ್ನಾಗಿ ಕಂಡರೆ ದೃಷ್ಟಿ ತಗಲುವ ಭಯದಿಂದ ಹೊಗಳಿಕೆಗೆ ಬದಲು ನಿವಾಳಿಸುವ ಕೆಲಸವೇ ಮೊದಲು ನಡೆಯುತ್ತಿತ್ತು.

ಹೆರಿಗೆಗಳ ಸಂಖ್ಯೆ ಇಳಿಯದೆ ಈ ಸ್ಥಿತಿ ಬದಲಾಗುವಂತಿರಲಿಲ್ಲ. ಮೈಸೂರು ಸರ್ಕಾರ 1930ರಲ್ಲಿ ಸಂತಾನ ನಿಯಂತ್ರಣ ಕೇಂದ್ರಗಳನ್ನು ತೆರೆಯಲು ಹೊರಡಿಸಿದ ಆಜ್ಞೆ, ಸರ್ಕಾರವೊಂದು ತಾನೇ ಈ ಕೆಲಸಕ್ಕೆ ಕೈಹಾಕಿದ ಮೊದಲ ನಿದರ್ಶನವೆಂದು ಹೆಸರಾಗಿದೆ. 1950ರ ದಶಕದಲ್ಲಿ ದೇಶದ ಹೆಂಗಸೊಬ್ಬಳಿಗೆ ಸರಾಸರಿ ಆರರಷ್ಟು ಹೆರಿಗೆಗಳಾಗುತ್ತಿದ್ದರೆ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಕರ್ನಾಟಕದ ಸರಾಸರಿ 1.7ಕ್ಕೆ ಇಳಿದಿತ್ತು.

ಈ ನಡುವೆ ತಾಯಿಯ ಮುಖವನ್ನು ನಾಡಿನ ಕಣ್ಣಿಗೆ ಕಟ್ಟಿಕೊಟ್ಟದ್ದು ಸಿನಿಮಾ. ಧಾರವಾಡದಲ್ಲಿ ಹುಟ್ಟಿದ ಮರಾಠಿ ಮನೆಮಾತಿನ ಲೀಲಾ ಚಿಟ್ನಿಸ್ ಅವರ ಬದುಕಿನಲ್ಲಿ ಈ ಚರಿತ್ರೆಯೆಲ್ಲ ಅಡಕವಾಗಿದೆ ಎಂದರೂ ತಪ್ಪಲ್ಲ. ನಾಲ್ಕು ಗಂಡುಮಕ್ಕಳ ತಾಯಿಯಾದ ಮೇಲೆ ಅವರು 1939ರ ‘ಕಂಗನ್’ ಚಿತ್ರದಿಂದ ಜನಪ್ರಿಯ ನಾಯಕಿಯಾದರು, ಮತ್ತು 1941ರ ಸುಮಾರಿಗೆ ಲಕ್ಸ್ ಸಾಬೂನಿನ ಜಾಹೀರಾತಿನಲ್ಲಿ ಕಾಣಿಸಿಕೊಂಡ ಮೊದಲ ಭಾರತೀಯ ತಾರೆಯಾದರು. ತೆರೆಯ ಮೇಲಿನ ತರುಣಿ ಮನೆಯಲ್ಲಿ ತಾಯಿಯೆಂಬುದು ಸಾಬೂನು ಮಾರುವವರಿಗೆ ಆಗ ಹೇಳಿಕೊಳ್ಳುವ ಸಂಗತಿಯಾಗಿರಲಿಲ್ಲ. 1948ರ ‘ಶಹೀದ್’ನಲ್ಲಿ ದಿಲೀಪ್ ಕುಮಾರ್ ಅವರ ತಾಯಿಯಾದ ನಂತರ ಅವರಿಗೆ ದಶಕಗಳ ಕಾಲ ಸಿಕ್ಕಿದ್ದು ತಾಯಿಯ ಪಾತ್ರಗಳೇ. 1957ರ ‘ಮದರ್ ಇಂಡಿಯಾ’ದ ನರ್ಗಿಸ್ ಮತ್ತು ಆಕೆಯ ಮಗನಾಗಿ ನಟಿಸಿದ ಸುನಿಲ್ ದತ್ ಇಬ್ಬರೂ ಹುಟ್ಟಿದ್ದು 1929ರ ಜೂನ್ ಮೊದಲ ವಾರದಲ್ಲಿ, ಮತ್ತು ಚಿತ್ರ ತೆರೆಕಂಡ ಮರುವರ್ಷ ಅವರು ಮದುವೆಯಾದರು. ಕನ್ನಡದಲ್ಲಿ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ಅವರಿಗೆ ಜೋಡಿಯಾಗಿದ್ದ ಪಂಢರಿಬಾಯಿಯವರು ಮುಂದೆ ಅವರ ತಾಯಿಯ ಪಾತ್ರಕ್ಕೂ ಬಣ್ಣ ಹಚ್ಚಿದರು. ನಾಯಕನ ವಯಸ್ಸು ನಿಂತಲ್ಲೇ ನಿಂತಿರುವಾಗ ಆತನ ಓರಗೆಯ ನಟಿಯ ತಲೆಗೂದಲು ಬಿಳಿಯಾಗುವುದನ್ನು ಪ್ರೇಕ್ಷಕರು ಅನುಮಾನವಿಲ್ಲದೆ ಒಪ್ಪಿದ್ದಕ್ಕೆ, ತಾಯಿಯೆಂದರೆ ಹೀಗೆಯೇ ಕಾಣಬೇಕೆಂಬ ಹಳೆಯ ನಿರೀಕ್ಷೆಯೇ ಕಾರಣ.

ಸಾಬೂನು ಈ ನಿರೀಕ್ಷೆಯನ್ನು ತಿರುವುಮುರುವು ಮಾಡಿತು. ಒಂದನೆಯ ಮಹಾಯುದ್ಧದಿಂದ ಯುರೋಪಿಗೆ ಶ್ರೀಗಂಧದ ರಫ್ತು ನಿಂತಾಗ ಆರಂಭವಾದ ಬೆಂಗಳೂರಿನ ಸರ್ಕಾರಿ ಕಾರ್ಖಾನೆ ಗಂಧದೆಣ್ಣೆಯ ಪರಿಮಳವನ್ನು ಮಾರಿತ್ತೇ ಹೊರತು ಪ್ರಾಯವನ್ನಲ್ಲ. ವನಸ್ಪತಿ ತಯಾರಿಕೆಗಾಗಿ 1945ರಲ್ಲಿ ಮಹಾರಾಷ್ಟ್ರದ ಅಮಳ್ನೇರ್‌ನಲ್ಲಿ ಹುಟ್ಟಿ, ಮುಂದೆ ಬೆಂಗಳೂರನ್ನು ನೆಲೆಯಾಗಿಸಿಕೊಂಡ ವಿಪ್ರೋ ಸಂಸ್ಥೆಯು 1980ರ ದಶಕದ ಮಧ್ಯದಲ್ಲಿ ಹೊರತಂದ ಸಂತೂರ್ ಕೂಡ ಮೊದಲು ಹೇಳಿಕೊಂಡದ್ದು ಅರಿಶಿನ ಮತ್ತು ಗಂಧದ ಗುಣವನ್ನೇ. ಕಾಲೇಜು ಹುಡುಗಿಯೆಂದು ಎಲ್ಲರೂ ತಿಳಿದ ಹೆಣ್ಣಿನತ್ತ ಪುಟ್ಟ ಮಗುವೊಂದು ‘ಮಮ್ಮಿ’ ಎಂದು ಓಡಿಬರುವ ಜಾಹೀರಾತು ಬಂದ ಮೇಲೆ ಮಾರಾಟದ ಮಾತೇ ಬದಲಾಯಿತು. ಬಾಣಂತಿಯ ಅರಿಶಿನವೇ ಈಗ ಬಾಣಂತನದ ಗುರುತನ್ನು ಅಳಿಸುವ ವಸ್ತುವಾಗಿ ದೂರದರ್ಶನದ ಮೂಲಕ ಹಳ್ಳಿಮನೆಗಳನ್ನೂ ಹೊಕ್ಕಿತು. ದಕ್ಷಿಣದ ರಾಜ್ಯಗಳಲ್ಲಿ ಇದಕ್ಕೆ ಗಟ್ಟಿಯಾದ ಮಾರುಕಟ್ಟೆ ಸಿಕ್ಕಿದ್ದಕ್ಕೆ ಬೆಲೆ, ವಿತರಣೆಗಳಂಥ ವ್ಯಾಪಾರದ ಕಾರಣಗಳಿದ್ದರೂ, ಎರಡು ಮಕ್ಕಳಾದ ಮೇಲೆ ಮೂವತ್ತರೊಳಗೇ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಮುಂದೆ ದೀರ್ಘ ಆಯುಷ್ಯವುಳ್ಳ ತಾಯಂದಿರು ಇಲ್ಲಿ ಲಕ್ಷಗಟ್ಟಲೆ ಇದ್ದದ್ದನ್ನೂ ಗಣನೆಗೆ ತೆಗೆದುಕೊಳ್ಳಬೇಕಾಗುತ್ತದೆ.

ಆ ಜಾಹೀರಾತುಗಳ ಲೆಕ್ಕವನ್ನು ತುಸು ಕೂಡಿ ಕಳೆದು ನೋಡುವುದು ಉಪಯುಕ್ತ. ಓಡಿಬರುವ ಮಗುವಿಗೆ ಆರೇಳು ವರ್ಷ, ಕಾನೂನಿನ ಪ್ರಕಾರ ಹದಿನೆಂಟು ತುಂಬಿದ ಮೇಲೆ ಮದುವೆ ಎಂದುಕೊಂಡರೆ ತಾಯಿಗೆ ಇಪ್ಪತ್ತಾರೋ ಇಪ್ಪತ್ತೆಂಟೋ ಆಗಿರಲು ಸಾಕು, ಮತ್ತು ಆಕೆಯನ್ನು ವಿದ್ಯಾರ್ಥಿನಿಯೆಂದು ತಿಳಿದವರು ತಪ್ಪಿದ್ದು ಆರೇಳು ವರ್ಷಗಳಷ್ಟೇ. ಅಷ್ಟು ಸಣ್ಣ ತಪ್ಪಿಗೆ ನೋಡುವವರೆಲ್ಲ ಬೆರಗಾಗುತ್ತಾರೆಂದರೆ, ಇಪ್ಪತ್ತೆಂಟರ ಹೆಣ್ಣು ಮಗುವಿನ ತಾಯಿಯಾದೊಡನೆ ಅವರ ಕಣ್ಣಿನಲ್ಲಿ ಇಪ್ಪತ್ತೆಂಟರವಳಾಗಿ ಉಳಿಯುವುದಿಲ್ಲ ಎಂದಾಯಿತು.