ಬಿಲ್ಲಸುರ್ಗಂ ಗವಿಗಳು: ಪ್ರಾಗೈತಿಹಾಸಿಕ ಪ್ರಾಣಿಗಳ ಮೂಳೆಗಳ ನೆಲೆ

ಬಿಲ್ಲಸುರ್ಗಂ ಗವಿಗಳು ಆಂಧ್ರಪ್ರದೇಶದ ಬೇತಂಚೆರ್ಲದ ಸಮೀಪದಲ್ಲಿ ಸುಣ್ಣಕಲ್ಲಿನ ಬೆಟ್ಟಗಳ ನಡುವೆ ಇರುತ್ತವೆ. ಸದರಿ ಪ್ರದೇಶವು ಹಿಂದೆ ಕರ್ನೂಲು ಜಿಲ್ಲೆಗೆ ಸೇರಿದ್ದು, 2022ರಲ್ಲಿ ರಚಿತವಾದ ನಂದ್ಯಾಲ ಜಿಲ್ಲೆಯ ವ್ಯಾಪ್ತಿಗೆ ಬಂದಿರುತ್ತದೆ. ವಿದ್ವತ್ ಬರಹಗಳಲ್ಲಿ ಇವುಗಳನ್ನು ಇಂದಿಗೂ ‘ಕರ್ನೂಲು ಗವಿಗಳು’ ಎಂದೇ ಕರೆಯಲಾಗುತ್ತಿದೆ.

ಗವಿಗಳ ನೆಲದಲ್ಲಿ ಪ್ರಾಣಿಗಳ ಮೂಳೆಗಳು ಹುದುಗಿರುವುದನ್ನು ಕ್ಯಾಪ್ಟನ್ ನ್ಯೂಬೋಲ್ಡ್ ಅವರು 1844ರಲ್ಲಿ ಪ್ರಕಟಿಸಿದರು. ಆನಂತರ ನಾಲ್ಕು ದಶಕಗಳ ಕಾಲ ಯಾರೂ ಇತ್ತ ಹೆಚ್ಚಿನ ಗಮನ ಹರಿಸಲಿಲ್ಲ. ಇಂಗ್ಲೆಂಡಿನ ಜೀವವಿಜ್ಞಾನಿ ಹಕ್ಸ್ಲಿ ಅವರು ಮದರಾಸಿನ ಗವರ್ನರ್ ಗ್ರಾಂಟ್ ಡಫ್ ಅವರಿಗೆ ನೀಡಿದ ಸಲಹೆಯ ಮೇರೆಗೆ 1880ರ ದಶಕದಲ್ಲಿ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫುಟ್ ಅವರೂ ಅವರ ಪುತ್ರ ಹೆನ್ರಿ ಫುಟ್ ಅವರೂ ಇಲ್ಲಿ ಉತ್ಖನನ ಕೈಗೊಂಡರು. ಗವಿಯ ಕೋಣೆಗಳಿಗೆ ‘ಚಾರ್ನೆಲ್ ಹೌಸ್’, ‘ಕೆಥೆಡ್ರಲ್’, ‘ಪರ್ಗೆಟರಿ’ ಎಂಬ ಹೆಸರುಗಳು ಬಂದದ್ದು ಆ ಕಾಲದಲ್ಲಿ. ತೆಲುಗು ನಾಡಿನ ಗವಿಗೆ ಇಗರ್ಜಿಯ ಹೆಸರು ಬಂದದ್ದು ವಿಚಿತ್ರವೆನಿಸಿದರೂ ಸಂಶೋಧನಾ ದಾಖಲೆಗಳಲ್ಲಿ ಅವೇ ಉಳಿದಿವೆ.

ಫುಟ್ ಅವರು ಕನ್ನಡ ನಾಡಿಗೆ ಅಪರಿಚಿತರಲ್ಲ. ಗೋಕಾಕದ ಸಮೀಪ ದೊರೆತ ಘೇಂಡಾಮೃಗದ ಪಳೆಯುಳಿಕೆಯನ್ನು 1874ರಲ್ಲಿ ವಿವರಿಸಿದವರು ಹಾಗೂ ಬಳ್ಳಾರಿ ಸೀಮೆಯ ನವಶಿಲಾಯುಗದ ನೆಲೆಗಳನ್ನು ಬೆಳಕಿಗೆ ತಂದವರು ಇವರೇ.

ಗವಿಗಳಲ್ಲಿ ದೊರೆತ ಮೂಳೆಗಳನ್ನು ಲಿಡೆಕ್ಕರ್ ಅವರು ಪರಿಶೀಲಿಸಿ 1886ರಲ್ಲಿ ವರದಿ ಪ್ರಕಟಿಸಿದರು. ಘೇಂಡಾಮೃಗದ ಒಂದು ಪ್ರಭೇದಕ್ಕೆ ಕರ್ನೂಲಿನ ಹೆಸರನ್ನೇ ಇಟ್ಟರು. ಇಂದು ಆಫ್ರಿಕದಲ್ಲಿ ಕಂಡುಬರುವ ಚುಕ್ಕೆ ಕತ್ತೆಕಿರುಬ ಹಾಗೂ ಬಬೂನ್ ಜಾತಿಯ ಕೋತಿಯೂ ಅವರ ಪಟ್ಟಿಯಲ್ಲಿದ್ದವು. ಪ್ರಾಚೀನ ಭಾರತದ ಅನೇಕ ದೊಡ್ಡ ಪ್ರಾಣಿಗಳು ಅಳಿದುಹೋದವೆಂಬ ಭಾವನೆಗೆ ಇಂತಹ ಪಟ್ಟಿಗಳು ಪುಷ್ಟಿ ನೀಡಿದವು. ಆದರೆ ಯಾವ ಮೂಳೆ ಎಷ್ಟು ಹಳೆಯದು ಎಂದು ನಿರ್ಧರಿಸುವ ಕಾಲಮಾಪನ ವಿಧಾನಗಳು ಅಂದು ಇರಲಿಲ್ಲ.

ಹೊಸ ಉತ್ಖನನದಲ್ಲಿ ಮಣ್ಣಿನ ಪದರಗಳ ಕಾಲವನ್ನು ಅಳೆದು, ಆಯಾ ಪದರದ ಮೂಳೆಗಳನ್ನು ಪ್ರತ್ಯೇಕವಾಗಿ ಗುರುತಿಸಲಾಯಿತು. 2014ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಗುರುತಿಸಲಾದ 21 ಬಗೆಯ ಸಸ್ತನಿಗಳ ಪೈಕಿ 20 ಬಗೆಗಳು ಕನಿಷ್ಠ 1,00,000 ವರ್ಷಗಳಿಂದ ಉಪಖಂಡದಲ್ಲಿ ಉಳಿದುಬಂದಿವೆ. ಹೆಚ್ಚಿನವು 2,00,000 ವರ್ಷಗಳಷ್ಟು ಹಿಂದಿನಿಂದಲೂ ಇವೆ. ಕೆಲವು ಪ್ರಾಣಿಗಳು ಈ ಭಾಗದಿಂದ ಮರೆಯಾಗಿ ಬೇರೆಡೆ ಮಾತ್ರ ಉಳಿದಿರುತ್ತವೆ. ಅಮೆರಿಕ, ಆಸ್ಟ್ರೇಲಿಯಗಳಲ್ಲಿ ಅನೇಕ ದೊಡ್ಡ ಪ್ರಾಣಿಗಳು ನಿರ್ನಾಮವಾದ ಅವಧಿಯಲ್ಲಿಯೂ ಇಲ್ಲಿನವು ಚದುರಿದ ಕಾಡುಗಳಲ್ಲಿ ಬದುಕುಳಿದವೆಂಬುದು ಇದರ ಮಹತ್ವ.

ಇದೇ ಸೀಮೆಯ ‘ಮುಚ್ಚಟ್ಲ ಚಿಂತಮಾನು ಗವಿ’ಯಲ್ಲಿ ಎಂ.ಎಲ್.ಕೆ. ಮೂರ್ತಿ ಅವರು 1970ರ ದಶಕದಲ್ಲಿ ನಡೆಸಿದ ಶೋಧದಿಂದ ಹಳೆ ಶಿಲಾಯುಗದ ಅಂತ್ಯಭಾಗದ ಮಾನವ ವಾಸದ ಕುರುಹುಗಳು ತಿಳಿದುಬಂದವು. ಗವಿ ಎಂಬ ಪದ ಕನ್ನಡ, ತೆಲುಗು ಎರಡಕ್ಕೂ ಸೇರಿದ್ದು. ಆದರೆ ಗವಿಯಲ್ಲಿರುವ ಮೂಳೆಗಳೆಲ್ಲವೂ ಮನುಷ್ಯ ತಂದವುಗಳಲ್ಲ. ಕಾಡುಮೃಗಗಳು ಬೇಟೆಯನ್ನು ಎಳೆದು ತರುತ್ತವೆ, ಗೂಬೆಗಳು ಇಲಿಯ ಮೂಳೆಗಳನ್ನು ಉಗುಳುತ್ತವೆ, ಮುಳ್ಳುಹಂದಿಗಳು ಮೂಳೆಗಳನ್ನು ಕಡಿಯುತ್ತವೆ. ಹಲ್ಲಿನ ಗೀರು ಯಾವುದು, ಉಳಿಯ ಗೀರು ಯಾವುದು ಎಂಬುದನ್ನು ತಜ್ಞರು ಮಾತ್ರ ಹೇಳಬಲ್ಲರು.

ಸಾರ್ವಜನಿಕರ ಗಮನಕ್ಕೆ: 1958ರ ಕೇಂದ್ರ ಪ್ರಾಚೀನ ಸ್ಮಾರಕಗಳ ಅಧಿನಿಯಮದ ವ್ಯಾಖ್ಯೆಯಲ್ಲಿ, ಪುರಾತತ್ವ ಮಹತ್ವವುಳ್ಳ ಹಾಗೂ ನೂರು ವರ್ಷಗಳಿಗೆ ಕಡಿಮೆಯಿಲ್ಲದ ಗವಿಯೂ ಸೇರಿರುತ್ತದೆ. ಕಲ್ಲು ತೆಗೆಯುವಾಗ, ಬಾವಿ ಅಥವಾ ಪಾಯ ತೋಡುವಾಗ ಕಲ್ಲಾಗಿ ಗಟ್ಟಿಯಾದ ಮೂಳೆ ಅಥವಾ ಹಲ್ಲು ಕಂಡುಬಂದಲ್ಲಿ ಅದನ್ನು ಕೀಳಬಾರದು, ತೊಳೆಯಬಾರದು. ಮೂಳೆಗೆ ಅಂಟಿರುವ ಮಣ್ಣೇ ಅದರ ಕಾಲವನ್ನು ತಿಳಿಸುವ ಆಧಾರ. ಕೆಲಸ ನಿಲ್ಲಿಸಿ, ಸ್ಥಳದ ಛಾಯಾಚಿತ್ರ ತೆಗೆದು, ಗ್ರಾಮ ಹಾಗೂ ಸರ್ವೆ ನಂಬರಿನೊಂದಿಗೆ ತಾಲ್ಲೂಕು ತಹಶೀಲ್ದಾರರಿಗೆ ಅಥವಾ ಪುರಾತತ್ವ ಇಲಾಖೆಗೆ ಲಿಖಿತವಾಗಿ ತಿಳಿಸತಕ್ಕದ್ದು.