ಭೂಗರ್ಭ ಸದ್ದು: ಸೊಲ್ಲಾಪುರ–ಅಕ್ಕಲಕೋಟೆ ಸೀಮೆ

ನೆಲದಡಿಯಿಂದ ಗುಡುಗಿನ ಹಾಗೆ ಕೇಳಿಬರುವ, ಮೂಲ ಕಣ್ಣಿಗೆ ಕಾಣದ ಸಪ್ಪಳವೇ ಭೂಗರ್ಭ ಸದ್ದು. ಮಹಾರಾಷ್ಟ್ರದ ಸೊಲ್ಲಾಪುರ, ಅಕ್ಕಲಕೋಟೆ, ಲಾತೂರು, ಉಮರ್ಗಾ ಮತ್ತು ಕರ್ನಾಟಕದ ವಿಜಯಪುರ, ಕಲಬುರಗಿ, ಬೀದರ್ ಸೇರಿದ ಗಡಿನಾಡು ಇಂಥ ಸದ್ದುಗಳಿಗೂ ಕಂಪನಗಳಿಗೂ ಹಲವು ಬಾರಿ ಸಾಕ್ಷಿಯಾಗಿದೆ. ನೆಲದಿಂದಲೇ ಹೊರಡುವ ಸದ್ದಿಗೆ ಸಾಮಾನ್ಯ ಕಾರಣ, ಕಡಿಮೆ ಆಳದಲ್ಲಿ ನಡೆಯುವ ಸಣ್ಣ ಭೂಕಂಪ.

ಪ್ರಮುಖ ಘಟನೆಗಳು

ಅಕ್ಕಲಕೋಟೆಯಿಂದ ಈಶಾನ್ಯಕ್ಕೆ ಸುಮಾರು 70 ಕಿ.ಮೀ. ದೂರದ ಕಿಲಾರಿಯಲ್ಲಿ 1992ರಲ್ಲೇ ಸಣ್ಣ ಕಂಪನಗಳ ಸರಣಿ ಕಾಣಿಸಿಕೊಂಡಿತ್ತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣೇಶ ವಿಸರ್ಜನೆ ಮುಗಿಸಿ ಜನ ಮಲಗಿದ್ದಾಗ, 6.2 ತೀವ್ರತೆಯ ಭೂಕಂಪ ಬಡಿಯಿತು. ಸತ್ತವರ ಸಂಖ್ಯೆಯನ್ನು ಸುಮಾರು 8,000ದಿಂದ 10,000ದವರೆಗೆ ಅಂದಾಜಿಸಲಾಗಿದೆ. ಆಗಿನ ಭೂಕಂಪ ವಲಯ ನಕ್ಷೆಯಲ್ಲಿ ಕಿಲಾರಿ ಅತಿ ಕಡಿಮೆ ಅಪಾಯದ 1ನೇ ವಲಯದಲ್ಲಿತ್ತು.

2021ರ ಅಕ್ಟೋಬರ್‌ನಲ್ಲಿ ಕಲಬುರಗಿ ಜಿಲ್ಲೆ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರ ಸುತ್ತಮುತ್ತ ಸದ್ದು, ಕಂಪನ ಎರಡೂ ಪದೇ ಪದೇ ಉಂಟಾಗಿ, ಜನ ಮನೆಯೊಳಗೆ ಮಲಗಲು ಹೆದರಿದರು. ದೊಡ್ಡ ಕಂಪನದ ತೀವ್ರತೆ ಸುಮಾರು 4ರಷ್ಟಿತ್ತು. 2022ರ ಜುಲೈ 9ರಂದು ವಿಜಯಪುರದ ಕನ್ನೂರು ಬಳಿ ಉಂಟಾದ, 4ಕ್ಕಿಂತ ಹೆಚ್ಚು ತೀವ್ರತೆಯ ಕಂಪನ ಸೊಲ್ಲಾಪುರದಲ್ಲೂ ಅನುಭವಕ್ಕೆ ಬಂತು.

ಸದ್ದು ಹುಟ್ಟುವ ಬಗೆ

ಬಂಡೆ ಬಿರುಕಿನ ಉದ್ದಕ್ಕೂ ಜಾರಿದಾಗ ಹೊರಡುವ ಅಲೆಗಳಲ್ಲಿ ಮೊದಲು ಬಂದು ತಲುಪುವುದು ಪಿ-ಅಲೆ. ಗಟ್ಟಿ ಬಂಡೆಯಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 6 ಕಿ.ಮೀ. ಅದು ನೆಲದ ಮೇಲ್ಮೈಯನ್ನು ಹಲಗೆಯ ಚರ್ಮದಂತೆ ಅದುರಿಸಿ ಗಾಳಿಯಲ್ಲಿ ಸದ್ದೆಬ್ಬಿಸುತ್ತದೆ. ಮನುಷ್ಯನ ಕಿವಿಗೆ ಕೇಳಿಸಬೇಕಾದರೆ ಅದುರು ಸೆಕೆಂಡಿಗೆ 20 ಸಲಕ್ಕಿಂತ ಹೆಚ್ಚಿರಬೇಕು. ಇಂಥ ವೇಗದ ಅದುರು ದೂರ ಸಾಗುವಷ್ಟರಲ್ಲಿ ಬಂಡೆಯಲ್ಲೇ ಅಡಗಿಹೋಗುತ್ತದೆ. ಆದ್ದರಿಂದ ಊರಿನ ಕೆಳಗೇ, ಕೆಲವೇ ಕಿ.ಮೀ. ಆಳದಲ್ಲಾಗುವ ಪುಟ್ಟ ಕಂಪನ ಕಾಲಿಗೆ ತಿಳಿಯದೆಯೂ ಕಿವಿಗೆ ಕೇಳಬಹುದು. ಹೆಚ್ಚು ಅಲುಗಾಡಿಸುವ ಎಸ್-ಅಲೆ ಹಿಂದೆ ಬರುತ್ತದೆ. ಪ್ರತಿ 8 ಕಿ.ಮೀ. ದೂರಕ್ಕೆ ಎರಡರ ನಡುವೆ ಸುಮಾರು ಒಂದು ಸೆಕೆಂಡಿನ ಅಂತರ. ಮೊದಲು ಸಪ್ಪಳ, ಆಮೇಲೆ ಅಲುಗಾಟ ಎಂದು ಜನ ಹೇಳುವುದು ಇದಕ್ಕೆ ಸರಿಹೊಂದುತ್ತದೆ.

ಮಳೆಗಾಲದ ನಂಟು

ಈ ಸೀಮೆಯ ಕರಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಲಾವಾ ಹಾಸು. ಕಿಲಾರಿಯಲ್ಲಿ ಕೊರೆದ ಬಾವಿಯಲ್ಲಿ ಅದರ ದಪ್ಪ 338 ಮೀಟರ್ ಇತ್ತು. ಕೆಳಗಿರುವುದು ಅತಿ ಪ್ರಾಚೀನ ತಳಶಿಲೆ. ಉತ್ತರಕ್ಕೆ ಸರಿಯುತ್ತಿರುವ ಭಾರತದ ಭೂಫಲಕದ ಒತ್ತಡ ಈ ತಳಶಿಲೆಯ ಹಳೆಯ ಬಿರುಕುಗಳ ಮೇಲೂ ಇದೆ. ಮಳೆನೀರು ಆಳಕ್ಕಿಳಿದು ಬಿರುಕಿನೊಳಗಿನ ನೀರಿನ ಒತ್ತಡ ಏರಿದರೆ, ಎರಡು ಬದಿಯ ಬಂಡೆಗಳ ನಡುವಿನ ಹಿಡಿತ ಸಡಿಲವಾಗುತ್ತದೆ. ಗಡಿಕೇಶ್ವರದ ಕಂಪನಗಳಿಗೆ ತಜ್ಞರು ಈ ವಿವರಣೆಯನ್ನು ಮುಂದಿಟ್ಟರು. ಕಿಲಾರಿಯ ವಿಷಯದಲ್ಲಿ ಹತ್ತಿರದ ತೇರ್ಣಾ ಜಲಾಶಯದ ಪಾತ್ರ ಚರ್ಚೆಗೆ ಒಳಗಾಗಿದೆ.

ಇತರ ಮೂಲಗಳು

ಕಲ್ಲುಗಣಿಯ ಸ್ಫೋಟ, ದೂರದ ಗುಡುಗು, ಶಬ್ದಾತೀತ ವಿಮಾನ ಕೂಡ ಇಂಥ ಸದ್ದು ಮಾಡುತ್ತವೆ. 2020ರ ಮೇ 20ರಂದು ಬೆಂಗಳೂರನ್ನು ಬೆಚ್ಚಿಬೀಳಿಸಿದ ಸದ್ದಿನ ಮೂಲ ವಾಯುಪಡೆಯ ಪರೀಕ್ಷಾ ಹಾರಾಟ. ಗಾಳಿಯ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಸಾಗುವುದರಿಂದ, ಹಲವು ಕೇಂದ್ರಗಳನ್ನು ಅದು ತಲುಪಿದ ಹೊತ್ತನ್ನು ಹೋಲಿಸಿ ನೆಲದ ಕಂಪನದಿಂದ ಬೇರ್ಪಡಿಸಬಹುದು.

ಆಳ ಸಮುದ್ರದಲ್ಲೂ ಹುಡುಕಾಟದ ದಾರಿ ಇದೇ. 1997ರಲ್ಲಿ ಪೆಸಿಫಿಕ್‌ನಲ್ಲಿ ಸಾವಿರಾರು ಕಿ.ಮೀ. ಅಂತರದ ಹೈಡ್ರೋಫೋನ್‌ಗಳಿಗೆ ಸಿಕ್ಕ ‘ಬ್ಲೂಪ್’ ಸದ್ದನ್ನು ಕೆಲವರು ದೈತ್ಯಜೀವಿಯ ಕೂಗೆಂದು ಊಹಿಸಿದ್ದರು. ಅದು ಅಂಟಾರ್ಕ್ಟಿಕದ ಹಿಮಗಡ್ಡೆ ಬಿರಿದ ಸದ್ದೆಂದು ಅಮೆರಿಕದ ಸಾಗರ ಸಂಸ್ಥೆ ನಂತರ ನಿರ್ಣಯಿಸಿತು.

ಎಚ್ಚರಿಕೆಯಾಗಿ ಎಷ್ಟು ನಂಬಬಹುದು?

ಸದ್ದನ್ನು ಕೇಳಿ ದೊಡ್ಡ ಭೂಕಂಪದ ದಿನ ಹೇಳಲಾಗದು. ಇಂಥ ಬಹುತೇಕ ಸರಣಿಗಳು ತಾವಾಗಿಯೇ ತಣ್ಣಗಾಗುತ್ತವೆ, ಕಿಲಾರಿಯಲ್ಲಿ ಹಾಗಾಗಲಿಲ್ಲ. ಆದ್ದರಿಂದ ಹಳ್ಳಿಯವರ ದೂರನ್ನು ವದಂತಿಯೆಂದು ತಳ್ಳಿಹಾಕದೆ, ಸಪ್ಪಳ ಕೇಳಿದ ಊರಿನಲ್ಲೇ ಕಂಪನಮಾಪಕ ಇಟ್ಟು ದಾಖಲಿಸುವುದು ಅಗತ್ಯ. ಕಿಲಾರಿಯಲ್ಲಿ ಹೆಚ್ಚಿನವರನ್ನು ಕೊಂದದ್ದು ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ ಮತ್ತು ಭಾರವಾದ ಮಣ್ಣಿನ ಮಾಳಿಗೆ. ಗೋಡೆಯ ಎರಡು ಮುಖಗಳನ್ನು ಬೆಸೆಯುವ ಉದ್ದಗಲ್ಲು, ಗೋಡೆಗಳನ್ನು ಸುತ್ತುವರಿದು ಹಿಡಿಯುವ ಕಾಂಕ್ರೀಟ್ ಪಟ್ಟಿ, ಹಗುರ ಚಾವಣಿ ಇದ್ದರೆ ಇಂಥ ಮನೆಗಳು ಕುಸಿಯುವ ಸಂಭವ ಬಹಳಷ್ಟು ತಗ್ಗುತ್ತದೆ.